ಹಾಡು ನಿಮ್ಮದು, ರೊಕ್ಕ ಯಾರದು?

ಈ ಅಂಕಣಕ್ಕೆ ಸಾಮಾನ್ಯವಾಗಿ ಕಿರಾಣಿ ಅಂಗಡಿಯವರು, ಮಿರ್ಚಿ ಭಜಿ ಗಾಡಿಯವರು, ಹೊಲಿಗೆ ಮಷಿನ್‌ಗೆ ಸಾಲ ತೆಗೆದವರು ಬರೆಯುತ್ತಾರೆ. ಈ ಸಲ ಏನಾಯಿತೋ, ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಡುವವರದು, ಬಾರಿಸುವವರದು. ಎಲ್ಲ ಕಲಬುರಗಿ, ಬೀದರ್, ಯಾದಗಿರಿ ಕಡೆಯವೇ. ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಅದಕ್ಕೂ ಮೊದಲು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಕ್ಯಾಸೆಟ್ ಅಂಗಡಿಯ ಕೌಂಟರಿನಲ್ಲಿ ಕೂತವನು. ಹಾಗಾಗಿ ಹಾಡು ಹೇಗೆ ಮಾರಾಟ ಆಗುತ್ತೆ, ರೊಕ್ಕ ಎಲ್ಲಿ ಸೋರುತ್ತೆ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಕಿರಾಣಿಯವರು ಒಂದು ಸಂಚಿಕೆ ತಡೆದುಕೊಳ್ಳಿ.

ಪ್ರಶ್ನೆ: ನಾನು ಊರೂರಿಗೆ ಹೋಗಿ ತತ್ವಪದ ಹಾಡುವವ. ಒಂದು ಭಜನೆಯಲ್ಲಿ ನಾನು ಕಡಕೋಳ ಮಡಿವಾಳಪ್ಪನವರ ಪದ ಹಾಡಿದ್ದನ್ನು ಯಾರೋ ಹುಡುಗರು ಮೊಬೈಲಿನಲ್ಲಿ ಹಿಡಿದು ತಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದಾರೆ. ಎರಡು ಲಕ್ಷ ಮಂದಿ ನೋಡಿದ್ದಾರಂತೆ. ನನ್ನ ಹೆಸರೂ ಇಲ್ಲ, ಒಂದು ರೂಪಾಯಿಯೂ ಬಂದಿಲ್ಲ. ಕೇಸ್ ಹಾಕಲಾ?
— ಭಜನೆಯವ, ಜೇವರ್ಗಿ ತಾಲೂಕು

ಉತ್ತರ: ಕೇಸ್ ಆಮೇಲೆ. ಇದರಲ್ಲಿ ಯಾವುದು ಯಾರದು ಅಂತ ಮೊದಲು ಬಿಡಿಸಿ ನೋಡೋಣ.

ಮಡಿವಾಳಪ್ಪನವರು ಹೋಗಿ ನೂರೈವತ್ತು ವರ್ಷದ ಮೇಲಾಯಿತು. ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ಬದುಕಿರುವ ತನಕ, ಅವರು ಹೋದ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತೆ. ಆ ಲೆಕ್ಕ ಯಾವತ್ತೋ ಮುಗಿದಿದೆ. ಆ ಪದ ನೀವೂ ಹಾಡಬಹುದು, ಆ ಹುಡುಗರೂ ಹಾಡಬಹುದು. ಧಾಟಿ ತಲೆತಲಾಂತರದ್ದಾದರೆ ಅದೂ ಎಲ್ಲರದು. ಆದರೆ ದನಿ ನಿಮ್ಮದು. ಹಾಡುವವರಿಗೆ, ಬಾರಿಸುವವರಿಗೆ ಅದೇ ಕಾಯ್ದೆಯಲ್ಲಿ ಬೇರೆ ಹಕ್ಕು ಕೊಟ್ಟಿದ್ದಾರೆ. ನಿಮ್ಮನ್ನು ಕೇಳದೆ ನಿಮ್ಮ ಹಾಡು ರೆಕಾರ್ಡ್ ಮಾಡಿ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಹಾಡಿದವರು ಇಂಥವರು ಅಂತ ಹೆಸರು ಹಾಕಿಸಿಕೊಳ್ಳುವ ಹಕ್ಕೂ ನಿಮಗಿದೆ. 2012ರ ತಿದ್ದುಪಡಿಯಲ್ಲಿ ಅದು ಸೇರಿತು. ಅಂದರೆ ನಿಮ್ಮ ಸಿಟ್ಟಿಗೆ ಕಾನೂನಿನ ಬೆಂಬಲ ಇದೆ.

ಹಾಗಂತ ಎರಡು ಲಕ್ಷ ವ್ಯೂಸ್ ಅಂದ ಕೂಡಲೇ ಎರಡು ಲಕ್ಷ ರೂಪಾಯಿ ಅಂತ ಲೆಕ್ಕ ಹಾಕಬೇಡಿ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್ ಇರಬೇಕು. ಹಿಂದಿನ 12 ತಿಂಗಳಲ್ಲಿ ಮಂದಿ 4,000 ತಾಸು ನೋಡಿರಬೇಕು. ಬರೀ ಶಾರ್ಟ್ಸ್ ಹಾಕುವವರಾದರೆ 90 ದಿನದಲ್ಲಿ 1 ಕೋಟಿ ವ್ಯೂಸ್ ಆಗಬೇಕು. ಅದಾದ ಮೇಲೂ ಇಷ್ಟು ವ್ಯೂಸ್‌ಗೆ ಇಷ್ಟು ರೊಕ್ಕ ಅಂತ ಗಟ್ಟಿ ದರ ಇಲ್ಲ. ಆ ಹುಡುಗರಿಗೇ ಇನ್ನೂ ಏನೂ ಬಂದಿರಲಿಕ್ಕಿಲ್ಲ.

ನನ್ನ ಪ್ರಕಾರ ನಿಮ್ಮ ನಷ್ಟ ಬೇರೆ ಕಡೆ ಇದೆ. ಎರಡು ಲಕ್ಷ ಸಲ ನಿಮ್ಮ ದನಿ ಮಂದಿಯ ಕಿವಿಗೆ ಬಿತ್ತು. ಅದರಲ್ಲಿ ಹತ್ತು ಊರಿನವರಿಗಾದರೂ 'ಇವರನ್ನು ನಮ್ಮ ಜಾತ್ರೆಗೆ ಕರೆಸೋಣ' ಅನ್ನಿಸಿರುತ್ತೆ. ಯಾರು ಅಂತ ಹುಡುಕುತ್ತಾರೆ? ಹೆಸರಿಲ್ಲ, ಊರಿಲ್ಲ, ಫೋನ್ ನಂಬರ್ ಇಲ್ಲ. ಪದದ ಕೊನೆಗೆ ಬರೆದವರ ಅಂಕಿತ ಬರುತ್ತೆ, ಅದು ಎಷ್ಟು ಸಲ ಹಾಡಿದರೂ ಅಳಿಯಲ್ಲ. ಹಾಡಿದವರ ಗುರುತು ಮಾತ್ರ ಪದದೊಳಗೆ ಎಲ್ಲೂ ಇಲ್ಲ. ಅದನ್ನು ನೀವೇ ಹೊರಗಿನಿಂದ ಅಂಟಿಸಬೇಕು.

ಊರ ಹಿರಿಯರೊಬ್ಬರನ್ನು ಕರೆದುಕೊಂಡು ಆ ಹುಡುಗರ ಮನೆಗೆ ಹೋಗಿ. ವಿಡಿಯೊದ ತಲೆಬರಹದಲ್ಲಿ ನಿಮ್ಮ ಹೆಸರು, ಊರು ಹಾಕಲಿ. ಕೆಳಗೆ ಫೋನ್ ನಂಬರ್ ಹಾಕಲಿ. ಮುಂದೆ ಬರುವುದರಲ್ಲಿ ಅರ್ಧ ಪಾಲು ಅಂತ ಒಂದು ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಬಹಳಷ್ಟು ಹುಡುಗರು ಒಪ್ಪುತ್ತಾರೆ. ಅವರಿಗೂ ನಿಮ್ಮ ಮುಂದಿನ ಪದ ಬೇಕಲ್ಲ. ಒಪ್ಪದಿದ್ದರೆ ಯೂಟ್ಯೂಬ್‌ನಲ್ಲೇ ದೂರು ಕೊಡುವ ಫಾರ್ಮ್ ಇದೆ, ತುಂಬಿ ಕಳಿಸಿ. ಇದರ ಜೊತೆಗೇ ನಿಮ್ಮ ಹೆಸರಿನ ಚಾನೆಲ್ ಒಂದು ತೆಗೆಯಿರಿ. ಮೊಮ್ಮಕ್ಕಳಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಅದೇ ಪದವನ್ನು ನೀವು ಇನ್ನೊಮ್ಮೆ ಹಾಡಿ ಹಾಕಿ, ಯಾರೂ ತಡೆಯುವ ಹಾಗಿಲ್ಲ.

ಪ್ರಶ್ನೆ: ನಾವು ಮೂವರು ಇಂಜಿನಿಯರಿಂಗ್ ಓದುತ್ತೇವೆ. ಕಲಬುರಗಿ ಮಾತಿನಲ್ಲೇ ರ್ಯಾಪ್ ಮಾಡುತ್ತೇವೆ. ಸ್ಪಾಟಿಫೈಗೆ ಒಂದು ಹಾಡು ಹಾಕಿದ್ದೇವೆ. ಮುನ್ನೂರು ಸಲ ಕೇಳಿದ್ದಾರೆ, ಅದರಲ್ಲಿ ನೂರು ನಮ್ಮ ಹಾಸ್ಟೆಲ್‌ನವರೇ. ದಿನಾ ರೀಲ್ಸ್ ಹಾಕಿ ಅಂತಾರೆ. ಕಲಾವಿದರು ತಮ್ಮ ಹಾಡನ್ನು ತಾವೇ ಕೂಗಿ ಮಾರಬೇಕಾ ಸರ್? ನಾಚಿಕೆ ಆಗುತ್ತೆ.
— ಮೂವರು ಗೆಳೆಯರು, ಕಲಬುರಗಿ

ಉತ್ತರ: ತಮ್ಮಂದಿರಾ, ಕೂಗಿ ಮಾರುವುದರಲ್ಲಿ ನಾಚಿಕೆ ಏನಿದೆ? ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಸಾಲಾಗಿ ನಾಟಕ ಕಂಪನಿಗಳು ಟೆಂಟ್ ಹಾಕಿರುತ್ತವೆ. ಒಂದೊಂದಕ್ಕೂ ಮೈಕ್, ಬಣ್ಣಬಣ್ಣದ ಬೋರ್ಡು. ಒಳಗೆ ಕೂತು ಮೇಕಪ್ ಹಚ್ಚಿಕೊಳ್ಳುವ ನಟರಿಗೆ ಅದರಿಂದ ಮರ್ಯಾದೆ ಹೋಗಿದ್ದು ನಾನಂತೂ ನೋಡಿಲ್ಲ. ಟಿಕೆಟ್ ಹೋಗದಿದ್ದರೆ ಹೋಗುತ್ತೆ.

ನಮ್ಮ ಶರಣಬಸವೇಶ್ವರ ಜಾತ್ರೆ ಹೋಳಿ ಆದ ಐದನೇ ದಿನಕ್ಕೆ ತೇರು. ನಮ್ಮ ಮಾಲೀಕರು ತೇರಿಗೆ ಮುಂಚೆಯೇ ಅಲ್ಲೊಂದು ಸ್ಟಾಲ್ ಹಾಕಿಸುತ್ತಿದ್ದರು. ಕ್ಯಾಸೆಟ್ ಮಾರುವುದಕ್ಕೆ ಅವರದೊಂದು ವಿದ್ಯೆ ಇತ್ತು. ಇಡೀ ಹಾಡು ಹಾಕಬೇಡ ಅನ್ನುತ್ತಿದ್ದರು. ಪಲ್ಲವಿ, ಒಂದು ನುಡಿ, ಅಷ್ಟೇ. ಮಂದಿ ನಿಂತು ತಲೆದೂಗುವ ಹೊತ್ತಿಗೆ ಬಟನ್ ಒತ್ತಿ ನಿಲ್ಲಿಸಬೇಕು. 'ಯಾಕ್ರೀ ನಿಲ್ಲಿಸಿದ್ರಿ?' ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು. ಕ್ಯಾಸೆಟ್ ಅವರ ಕೈಗೆ ಕೊಟ್ಟರೆ ಮುಗಿಯಿತು. ಬಂದವರು ಆಳಂದ ಕಡೆಯ ರೈತರೋ, ಪೇಟೆ ಹುಡುಗರೋ ನೋಡಿಕೊಂಡು ಹಾಡು ಬದಲಿಸಬೇಕಿತ್ತು. ಇವತ್ತಿನ ರೀಲ್ಸ್ ಇದಕ್ಕಿಂತ ಬೇರೆ ಏನೂ ಅಲ್ಲ. ದಿನಾ ಹಾಕಲೇಬೇಕು ಅಂತೇನಿಲ್ಲ. ಒಂದೇ ಹಾಡಿನ ಗಟ್ಟಿಯಾದ ಎರಡು ಸಾಲು ಹಿಡಿದು ಬೇರೆ ಬೇರೆ ಥರ ತೋರಿಸಿ. ಬೆಳಿಗ್ಗೆ ಎದ್ದು ತಿಂದ ಉಪ್ಪಿಟ್ಟು ತೋರಿಸುವುದು ಬೇಡ.

ಈಗ ಲೆಕ್ಕದ ಮಾತು. ಸ್ಪಾಟಿಫೈ 2024ರಿಂದ ಒಂದು ನಿಯಮ ಮಾಡಿದೆ. ಒಂದು ಹಾಡನ್ನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಆ ಹಾಡಿಗೆ ರಾಯಲ್ಟಿ, ಅಂದರೆ ಬಳಕೆಗೆ ಸಿಗುವ ರೊಕ್ಕದ ಪಾಲು, ಇಲ್ಲ. ಕೇಳಿದ್ದು ಅಂತ ಲೆಕ್ಕಕ್ಕೆ ಬರಬೇಕಾದರೆ 30 ಸೆಕೆಂಡ್ ಆದರೂ ಓಡಬೇಕು. ನಿಮ್ಮ ಮುನ್ನೂರಕ್ಕೆ ಸದ್ಯ ಸೊನ್ನೆ. 'ಐನೂರು ರೂಪಾಯಿಗೆ ಹತ್ತು ಸಾವಿರ ಸ್ಟ್ರೀಮ್' ಅಂತ ಯಾರಾದರೂ ಮೆಸೇಜ್ ಮಾಡಿದರೆ ಬ್ಲಾಕ್ ಮಾಡಿ. ಸುಳ್ಳು ಸ್ಟ್ರೀಮ್ ಸಿಕ್ಕಿಬಿದ್ದರೆ ಹಾಡೇ ತೆಗೆದುಹಾಕುತ್ತಾರೆ. ಮುಂದಿನ ಹಾಡು ಮುಗಿದ ದಿನವೇ ಬಿಡುಗಡೆ ಮಾಡುವ ಅವಸರ ಬೇಡ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಅಂತ ಕಲಾವಿದರಿಗೇ ಒಂದು ಖಾತೆ ಕೊಡುತ್ತಾರೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಅದರಲ್ಲಿ ಹಾಡನ್ನು ಅವರ ಸಂಪಾದಕರಿಗೆ ಕಳಿಸಬಹುದು. ಪ್ಲೇಲಿಸ್ಟ್‌ಗೆ ತಗೊಳ್ಳುತ್ತಾರೆ ಅಂತ ಗ್ಯಾರಂಟಿ ಇಲ್ಲ, ಖರ್ಚಂತೂ ಇಲ್ಲ.

ಅದೇ ಖಾತೆಯಲ್ಲಿ ಯಾವ ಊರಿನವರು ಕೇಳುತ್ತಿದ್ದಾರೆ ಅಂತಲೂ ತೋರಿಸುತ್ತೆ. ತೆಗೆದು ನೋಡಿ. ಬೆಂಗಳೂರು, ಪುಣೆ, ಹೈದರಾಬಾದ್ ಕಂಡರೆ ಆಶ್ಚರ್ಯ ಪಡಬೇಡಿ. ನಮ್ಮ ಕಡೆಯಿಂದ ದುಡಿಯಲು ಹೋದ ಹುಡುಗರು ಅಲ್ಲೇ ಇರುವುದು. ಕಲಬುರಗಿ ಮಾತು ಕೇಳಬೇಕು ಅಂತ ಜೀವ ಎಳೆಯುವುದು ಕಲಬುರಗಿಯಲ್ಲಿ ಕೂತವರಿಗಲ್ಲ, ಪಿಜಿಯಲ್ಲಿ ಕೂತು ಸಪ್ಪೆ ಸಾರು ಉಣ್ಣುವವರಿಗೆ. ಅವರ ವಾಟ್ಸಾಪ್ ಗುಂಪುಗಳಿಗೆ ನಿಮ್ಮ ಹಾಡು ಮುಟ್ಟಿದೆಯಾ?

ಇನ್ನೊಂದು. ನಿಮ್ಮ ಹಾಡಿನ ಲಿಂಕ್ ತೆಗೆದು ನೋಡಿದೆ. ಸ್ಪಾಟಿಫೈನಲ್ಲಿ ತಂಡದ ಹೆಸರಿನ ಸ್ಪೆಲಿಂಗ್ ಒಂದು, ಯೂಟ್ಯೂಬ್‌ನಲ್ಲಿ ಇನ್ನೊಂದು, ಇನ್‌ಸ್ಟಾದಲ್ಲಿ ಮೂರನೆಯದು. ಬರೆದವರು ಯಾರು, ಸಂಗೀತ ಯಾರದು ಅನ್ನುವ ಜಾಗ ಖಾಲಿ. 1902ರಲ್ಲಿ ಕೋಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದಾಗ ಗ್ರಾಮಫೋನ್ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಎಂದು ಹಾಡು ಮುಗಿದ ಕೂಡಲೇ ಅವರು 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ತಮ್ಮ ಬಾಯಿಂದಲೇ ಹೇಳುತ್ತಿದ್ದರು. ಆ ಹೆಸರು ಇವತ್ತಿಗೂ ಕೇಳುತ್ತೆ. ಕೊನೆಗಾಲ ಅವರು ಕಳೆದಿದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡಿದ್ದು 1930ರಲ್ಲಿ. ನಿಮಗೆ ಒಂದು ಫಾರ್ಮ್ ತುಂಬಲು ಬೇಸರ. ಆ ಖಾಲಿ ಜಾಗದಿಂದಲೇ ನಾಳೆ ರಾಯಲ್ಟಿ ಯಾರಿಗೆ ಅಂತ ತೀರ್ಮಾನ ಆಗುವುದು.

ಪ್ರಶ್ನೆ: ನಮ್ಮ ಮನೆಯವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ತಬಲಾ ಬಾರಿಸುತ್ತಾರೆ. ಶ್ರಾವಣದಲ್ಲಿ ಪುರಾಣ, ಪ್ರವಚನ. ಉಳಿದ ದಿನ ಮದುವೆ, ಸಣ್ಣಪುಟ್ಟ ಕಾರ್ಯಕ್ರಮ. ಕರೆಯಲು ಬಂದವರು ಎಷ್ಟು ಅಂತ ಕೇಳಿದರೆ 'ನೀವು ತಿಳಿದು ಕೊಡಿ' ಅಂತಾರೆ. ಅವರು ತಿಳಿದು ಕೊಡುವುದು ನಿಮಗೆ ಗೊತ್ತೇ ಇದೆ. ನಾನು ಬಾಯಿ ಹಾಕಿದರೆ ವಿದ್ಯೆಗೆ ಬೆಲೆ ಕಟ್ಟಬಾರದು ಅಂತ ಸಿಟ್ಟಾಗುತ್ತಾರೆ.
— ಒಬ್ಬ ಗೃಹಿಣಿ, ಹುಮನಾಬಾದ್

ಉತ್ತರ: ತಂಗೀ, ನಿಮ್ಮ ಮನೆಯವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆ ಆಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಒಂದು ಪೈಸೆ ತಗೊಳ್ಳದೆ ವಿದ್ಯೆ ಕೊಟ್ಟರು. ಅಲ್ಲಿಂದ ಬಂದವರಿಗೆ ರೊಕ್ಕದ ಮಾತು ಬಾಯಿಗೆ ಬರಲ್ಲ. ಆದರೆ ಆಶ್ರಮಕ್ಕೆ ಭಕ್ತರು ಜೋಳ, ಅಕ್ಕಿ ತಂದು ಹಾಕುತ್ತಾರೆ, ದಾಸೋಹ ನಡೆಯುತ್ತೆ. ನಿಮ್ಮ ಅಡುಗೆ ಮನೆಗೆ ಯಾರು ತಂದು ಹಾಕುತ್ತಾರೆ? ಇದನ್ನು ಜಗಳ ಆಡದೆ, ಊಟ ಆದ ಮೇಲೆ ಕೇಳಿ.

ವಿದ್ಯೆಗೆ ಬೆಲೆ ಕಟ್ಟುವುದು ಬೇಡ. ಖರ್ಚಿಗೆ ಕಟ್ಟೋಣ. ನಾಲ್ಕು ಜನರ ತಂಡ, ಅರವತ್ತು ಕಿಲೊಮೀಟರ್ ದೂರದ ಹಳ್ಳಿ ಅಂತ ಹಿಡಿಯಿರಿ. ಹೋಗಿ ಬರಲು ಗಾಡಿ 2,500. ದಾರಿಯಲ್ಲಿ ಚಹಾ, ತಿಂಡಿ 400. ತಬಲಾದ ಚರ್ಮ, ಪೇಟಿ ರಿಪೇರಿಗೆ ಅಂತ ಪ್ರತಿ ಕಾರ್ಯಕ್ರಮದಿಂದ ತೆಗೆದಿಡಬೇಕಾದ್ದು 300. ಒಟ್ಟು 3,200. ಅವರು 'ತಿಳಿದು' 8,000 ಕೊಟ್ಟರು ಅನ್ನೋಣ. ಉಳಿದಿದ್ದು 4,800, ತಲೆಗೆ 1,200. ಹಿಂದಿನ ದಿನ ರಿಯಾಜು, ಆ ದಿನ ಮಧ್ಯಾಹ್ನ ಮೂರಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ ಒಂದು. ಎರಡು ದಿನಕ್ಕೆ ಹಂಚಿದರೆ ದಿನಕ್ಕೆ 600. ನಿಮ್ಮೂರಲ್ಲಿ ಗೌಂಡಿ ಕೆಲಸದವರ ದಿನಗೂಲಿ ಎಷ್ಟು ಅಂತ ಕೇಳಿಕೊಂಡು ಬಂದು ಈ ಅಂಕಿ ಪಕ್ಕದಲ್ಲಿ ಬರೆಯಿರಿ. ನಿಮ್ಮವರು ಓದಲಿ.

ಪುರಾಣದ ಕಾರ್ಡು ಮನೆಯಲ್ಲಿದ್ದರೆ ತೆಗೆದು ನೋಡಿ. ಮೇಲೆ ಶ್ರೀಗಳ ಫೋಟೊ. ಆಮೇಲೆ ದಾಸೋಹ ಮಾಡಿಸುವವರ ಹೆಸರು, ಪೆಂಡಾಲ್ ಹಾಕಿಸಿದವರ ಹೆಸರು, ಮೈಕ್ ಸೆಟ್‌ನವರ ಹೆಸರು ಫೋನ್ ನಂಬರ್ ಸಮೇತ. ತಳಕ್ಕೆ ಸಣ್ಣ ಅಕ್ಷರದಲ್ಲಿ ಸಂಗೀತ ಸೇವೆ, ತಬಲಾ ಸೇವೆ. ಮೈಕ್‌ನವರು ಯಾವತ್ತೂ 'ತಿಳಿದು ಕೊಡಿ' ಅನ್ನಲ್ಲ. ಅವರ ದರ ಊರಿಗೆಲ್ಲ ಗೊತ್ತು. ಮೈಕ್‌ನೊಳಗಿಂದ ಬರುವ ದನಿಗೆ ಮಾತ್ರ ದರ ಇಲ್ಲ.

ಸೇವೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮನೆದೇವರ ಜಾತ್ರೆ, ಗುರುಗಳ ಪುಣ್ಯತಿಥಿ, ಇವಕ್ಕೆ ಪುಕ್ಕಟೆ ಬಾರಿಸಲಿ. ಆದರೆ ಯಾವುದು ಸೇವೆ ಅಂತ ತೀರ್ಮಾನ ಮಾಡಬೇಕಾದವರು ನೀವು, ಕರೆಯಲು ಬಂದವರಲ್ಲ. ವರ್ಷದ ಶುರುವಿನಲ್ಲೇ ಆ ಪಟ್ಟಿ ಮಾಡಿಬಿಡಿ.

ಉಳಿದದ್ದಕ್ಕೆ ನಿಮ್ಮ ಫೋನಿನಿಂದ ನೀವೇ ಇಂಥದ್ದೊಂದು ಮೆಸೇಜ್ ಕಳಿಸಿ:

"ನಮಸ್ಕಾರ ರೀ. 12ನೇ ತಾರೀಖು ನಿಮ್ಮ ಊರಲ್ಲಿ ಸಂಜೆ 6ರಿಂದ 9ರ ತನಕ ಕಾರ್ಯಕ್ರಮ. ಕಲಾವಿದರು ನಾಲ್ಕು ಜನ. ಒಟ್ಟು ರೂ. 14,000, ಗಾಡಿ ಖರ್ಚು ಸೇರಿ. ಮೈಕ್, ಊಟ ನಿಮ್ಮ ಕಡೆ. ಅಡ್ವಾನ್ಸ್ ರೂ. 7,000 ಬಂದ ಮೇಲೆ ತಾರೀಖು ಪಕ್ಕಾ. ಉಳಿದಿದ್ದು ವೇದಿಕೆ ಹತ್ತುವ ಮೊದಲು. 9ರ ಮೇಲೆ ಮುಂದುವರಿದರೆ ತಾಸಿಗೆ ರೂ. 2,000. ನಮ್ಮಿಂದ ತಪ್ಪಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಒಪ್ಪಿಗೆ ಇದ್ದರೆ 'ಸರಿ' ಅಂತ ಬರೆಯಿರಿ."

ಅಂಕಿಗಳನ್ನು ನಿಮ್ಮ ಲೆಕ್ಕದ ಪ್ರಕಾರ ಬದಲಿಸಿಕೊಳ್ಳಿ. ಆ ಕಡೆಯಿಂದ 'ಸರಿ' ಬಂದರೆ ನಿಮ್ಮ ಹತ್ತಿರ ಬರವಣಿಗೆಯಲ್ಲಿ ಸಾಕ್ಷಿ ಇದೆ. ವೇದಿಕೆ ಹತ್ತುವ ಮೊದಲು ಅನ್ನುವುದನ್ನು ಮಾತ್ರ ಬಿಡಬೇಡಿ. ಕಾರ್ಯಕ್ರಮ ಮುಗಿದ ಮೇಲೆ ಕಮಿಟಿಯವರು ಯಾರೂ ಕಣ್ಣಿಗೆ ಬೀಳಲ್ಲ. ಒಬ್ಬರ ಫೋನ್ ಸ್ವಿಚ್ ಆಫ್, ಇನ್ನೊಬ್ಬರು 'ನಾಳೆ ಬರ್ರಿ' ಅಂತಾರೆ. ನಿಮ್ಮವರಿಗೆ ರೊಕ್ಕದ ಮಾತು ಬರದಿದ್ದರೆ ಕಲಿಯಲೇಬೇಕು ಅಂತಿಲ್ಲ. ಕಾರ್ಡಿನಲ್ಲಿ ಬುಕಿಂಗ್‌ಗೆ ನಿಮ್ಮ ನಂಬರ್ ಹಾಕಿಸಿ. ಪತ್ರ ಓದಿದರೆ ಈ ಕೆಲಸ ನಿಮಗೆ ಚೆನ್ನಾಗಿ ಬರುತ್ತೆ ಅಂತ ಅನಿಸಿತು.

ಪ್ರಶ್ನೆ: ನಾನೇ ಬರೆದು, ಧಾಟಿ ಕಟ್ಟಿ ಹಾಡುವ ಜಾನಪದ ಶೈಲಿಯ ಹಾಡುಗಳಿವೆ. ಒಂದು ಆಡಿಯೊ ಕಂಪನಿಯವರು ಹತ್ತು ಹಾಡಿಗೆ 15,000 ಕೊಡುತ್ತೇವೆ, ಬಾಂಡ್ ಪೇಪರ್ ಮೇಲೆ ಸಹಿ ಮಾಡಿ ಅಂತಿದ್ದಾರೆ. 'ಎಲ್ಲ ಹಕ್ಕು, ಶಾಶ್ವತವಾಗಿ' ಅಂತ ಇದೆ. ಮಗಳ ಫೀ ಕಟ್ಟಬೇಕು. ಮಾಡಲಾ?
— ಹಾಡುಗಾರ್ತಿ, ಸುರಪುರ

ಉತ್ತರ: ಇವತ್ತು ಮಾಡಬೇಡಿ. ವಾರ ಟೈಮ್ ಕೇಳಿ. ಕೊಡಲ್ಲ ಅಂದರೆ ಅದೇ ಒಂದು ಉತ್ತರ.

ನಿಮ್ಮದು ಭಜನೆಯವರ ಕಥೆ ಅಲ್ಲ. ಇಲ್ಲಿ ಮಾತೂ ನಿಮ್ಮದು, ಧಾಟಿಯೂ ನಿಮ್ಮದು, ದನಿಯೂ ನಿಮ್ಮದು. ಮೂರಕ್ಕೂ ಬೇರೆ ಬೇರೆ ಹಕ್ಕು. ಕಂಪನಿಯವರು ಸ್ಟುಡಿಯೊ ಖರ್ಚು ಹಾಕಿ ರೆಕಾರ್ಡ್ ಮಾಡಿದರೆ ಆ ರೆಕಾರ್ಡಿಂಗ್ ಅವರದಾಗಬಹುದು. ಹಾಡು ಅವರದಾಗಬೇಕಿಲ್ಲ.

ಹೊಲ ಇದ್ದವರಿಗೆ ಇದು ಬೇಗ ತಿಳಿಯುತ್ತೆ. ಎರಡು ವರ್ಷಕ್ಕೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಬೇರೆ, ಖರೀದಿ ಪತ್ರ ಮಾಡಿಕೊಡುವುದು ಬೇರೆ. ಅವರು ತಂದಿರುವುದು ಖರೀದಿ ಪತ್ರ, ಕೊಡುತ್ತಿರುವುದು ಲಾವಣಿ ರೊಕ್ಕ.

ಕಾಯ್ದೆ ನಿಮ್ಮ ಪರವಾಗಿ ಎಷ್ಟೋ ಮಾತು ಹೇಳಿದೆ. ಹಕ್ಕು ಬರೆದುಕೊಡುವುದು ಸಹಿ ಮಾಡಿದ ಕಾಗದದಲ್ಲೇ ಆಗಬೇಕು, ಬಾಯಿಮಾತು ನಡೆಯಲ್ಲ. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತ ಅರ್ಥ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು 'ಶಾಶ್ವತವಾಗಿ' ಅಂತ ಮರೆಯದೆ ಸೇರಿಸುವುದು. ಎಲ್ಲಕ್ಕಿಂತ ದೊಡ್ಡದು 2012ರ ತಿದ್ದುಪಡಿ. ಬರೆದವರು, ಸಂಗೀತ ಮಾಡಿದವರು ಹಕ್ಕು ಮಾರಿದರೂ ಮುಂದಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಸಮಪಾಲು ಅವರಿಗೆ ಸೇರಬೇಕು. 'ನನಗೆ ರಾಯಲ್ಟಿ ಬೇಡ' ಅಂತ ಬರೆಸಿಕೊಂಡರೂ ಅದು ನಿಲ್ಲಲ್ಲ. ಆ ಪಾಲನ್ನು ನೀವು ಬಿಟ್ಟುಕೊಡಬಹುದಾದ್ದು ನಿಮ್ಮ ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ. ಅಂಥ ಸೊಸೈಟಿ ಮುಂಬೈಯ ಐಪಿಆರ್‌ಎಸ್, 1969ರಿಂದ ಇದೆ. ಬರೆದವರ, ಸಂಗೀತ ಮಾಡಿದವರ ಪಾಲನ್ನು ವಸೂಲಿ ಮಾಡಿ ಹಂಚುತ್ತೆ. ಹಾಡಿದವರ ಪಾಲಿಗೆ ಇಸಾಮ್ರಾ ಅಂತ ಬೇರೆ ಸಂಸ್ಥೆ. ಸಹಿಗಿಂತ ಮೊದಲೇ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿ.

ಕ್ಯಾಸೆಟ್ ಅಂಗಡಿಯಲ್ಲಿದ್ದಾಗ ಒಬ್ಬರು ಬಂದಿದ್ದರು, ಹಳ್ಳಿಯ ಹಾಡುಗಾರರು. ಅವರದೇ ಹಾಡಿನ ಕ್ಯಾಸೆಟ್ ಕೌಂಟರ್ ಮೇಲಿತ್ತು. ಕವರ್ ಮೇಲೆ ಯಾವುದೋ ಸಿನಿಮಾ ನಟಿಯಂಥವರ ಫೋಟೊ. ಅವರು ಡಬ್ಬಿ ತೆಗೆದು, ಒಳಗಿನ ಕಾಗದ ಬಿಡಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಸಾಹಿತ್ಯ: ಸಾಂಪ್ರದಾಯಿಕ. ಸಂಗೀತ: ಸಾಂಪ್ರದಾಯಿಕ. 'ಇದು ನಾ ಬರ್ದಿದ್ದು, ಹೋದ ಶ್ರಾವಣದಾಗ' ಅಂದರು. ಆಮೇಲೆ ರೊಕ್ಕ ಕೊಟ್ಟು ಎರಡು ಕ್ಯಾಸೆಟ್ ಕೊಂಡುಕೊಂಡು ಹೋದರು. ನಿಮ್ಮ ಕಾಗದದಲ್ಲಿ 'ಸಾಂಪ್ರದಾಯಿಕ' ಅನ್ನುವುದು ಎಲ್ಲಾದರೂ ಇದೆಯಾ ನೋಡಿ. ಇದ್ದರೆ ಹೊಡೆದುಹಾಕಿಸಿ, ನಿಮ್ಮ ಹೆಸರು ಬರೆಸಿ.

ಅವರಿಗೆ ಹೀಗೆ ಹೇಳಿ ನೋಡಿ: ಹತ್ತು ಬೇಡ, ಮೂರು ಹಾಡು. ಶಾಶ್ವತ ಬೇಡ, 3 ವರ್ಷ. ರೊಕ್ಕ 5,000. ಪ್ರತಿ ಹಾಡಿನಲ್ಲೂ ಹೆಸರು. ವೇದಿಕೆ ಮೇಲೆ ಹಾಡಲು ನನ್ನನ್ನು ತಡೆಯುವ ಹಾಗಿಲ್ಲ. ಒಪ್ಪಿದರೆ ಮಗಳ ಫೀಗೆ ಸ್ವಲ್ಪ ಆಯಿತು, ಏಳು ಹಾಡು ನಿಮ್ಮ ಕೈಯಲ್ಲೇ ಉಳಿಯಿತು. ಸಹಿಗೆ ಮುಂಚೆ ಸುರಪುರದ ಕೋರ್ಟ್ ಹತ್ತಿರ ಒಬ್ಬ ವಕೀಲರಿಗೆ ತೋರಿಸಿ. ಓದಿ ಹೇಳುವುದಕ್ಕೆ ಅವರು ತಗೊಳ್ಳುವ ಫೀ ದಂಡ ಅಲ್ಲ.

ಪ್ರಶ್ನೆ: ಹಾಡು ಚೆನ್ನಾಗಿದ್ದರೆ ತಾನಾಗೇ ಓಡುತ್ತೆ ಅಲ್ವಾ? ಹಿಂದಿನವರು ಯಾವ ಮಾರ್ಕೆಟಿಂಗ್ ಮಾಡಿದ್ದರು?
— ಸಂಗೀತ ಪ್ರೇಮಿ, ಬೀದರ್

ಉತ್ತರ: ಹಿಂದಿನವರ ಪರವಾಗಿ ಬೇರೆಯವರು ಮಾಡುತ್ತಿದ್ದರು. ಅರಮನೆ ಇತ್ತು, ಮಠ ಇತ್ತು. ನಾಟಕ ಕಂಪನಿಯಲ್ಲಿ ಮಾಲೀಕರು ಟಿಕೆಟ್, ಬೋರ್ಡು, ಸಂಬಳ ಎಲ್ಲ ನೋಡಿಕೊಳ್ಳುತ್ತಿದ್ದರು. ಗ್ರಾಮಫೋನ್ ಕಂಪನಿಯವರು ತಟ್ಟೆ ಮಾಡಿ ಊರೂರಿಗೆ ಕಳಿಸುತ್ತಿದ್ದರು. ಆಕಾಶವಾಣಿಯವರು ಹಾಡಿಗಿಂತ ಮೊದಲು ಹೆಸರು ಹೇಳುತ್ತಿದ್ದರು. ಈಗ ಮಧ್ಯದಲ್ಲಿ ಯಾರೂ ಇಲ್ಲ. ಅದರಿಂದ ಒಂದು ಒಳ್ಳೆಯದೂ ಆಗಿದೆ, ಯಾರ ಬಾಗಿಲಲ್ಲೂ ಕಾಯಬೇಕಿಲ್ಲ. ಆದರೆ ಅವರೆಲ್ಲ ಮಾಡುತ್ತಿದ್ದ ಕೆಲಸ ಹಾಡುವವರ ತಲೆಗೇ ಬಂದಿದೆ. ಚೆನ್ನಾಗಿ ಹಾಡಿ ಯಾರಿಗೂ ಗೊತ್ತಾಗದೆ ಹೋದವರ ಉದಾಹರಣೆ ನಾನು ಕೊಡಲಾರೆ. ಗೊತ್ತಾಗದೇ ಹೋದರಲ್ಲ.

ಪ್ರಶ್ನೆ: ಉತ್ಸವದಲ್ಲಿ ಜಾನಪದ ಹಾಡಿದ್ದಕ್ಕೆ ಬ್ಯಾಂಕಿಗೆ ಬಂದ ರೊಕ್ಕದಲ್ಲಿ ಹತ್ತನೇ ಒಂದು ಭಾಗ ಕಡಿಮೆ ಇದೆ. ಯಾರು ತಿಂದರು? ಜಿಎಸ್‌ಟಿ ಕಟ್ಟಬೇಕಾ?
— ಜಾನಪದ ಕಲಾವಿದ, ಯಾದಗಿರಿ

ಉತ್ತರ: ಯಾರೂ ತಿಂದಿಲ್ಲ, ಅದು ಟಿಡಿಎಸ್, ಅಂದರೆ ರೊಕ್ಕ ಕೊಡುವವರೇ ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ. ನಿಮ್ಮ ಪ್ಯಾನ್ ನಂಬರಿನ ಹೆಸರಲ್ಲಿ ಸರ್ಕಾರದ ಹತ್ತಿರ ಜಮಾ ಇದೆ. ವರ್ಷದ ಆದಾಯ ತೆರಿಗೆ ಮಿತಿಯೊಳಗೆ ಇದ್ದರೆ ರಿಟರ್ನ್ ಫೈಲ್ ಮಾಡಿ, ವಾಪಸ್ ಬರುತ್ತೆ. ಎಷ್ಟೋ ಕಲಾವಿದರು ಫೈಲ್ ಮಾಡದೆ ವರ್ಷವರ್ಷ ಅಲ್ಲೇ ಬಿಡುತ್ತಾರೆ. ಪ್ಯಾನ್ ಕೊಡದಿದ್ದರೆ ಇನ್ನೂ ಜಾಸ್ತಿ ಕಡಿಯುತ್ತಾರೆ, ಅದನ್ನು ಮಾತ್ರ ಮರೆಯಬೇಡಿ.

ಜಿಎಸ್‌ಟಿ ಚಿಂತೆ ನಿಮಗೆ ಸದ್ಯಕ್ಕಿಲ್ಲ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ. ಅದರ ಮೇಲೆ ಜಾನಪದ, ಶಾಸ್ತ್ರೀಯ ಸಂಗೀತ ಕಾರ್ಯಕ್ರಮಕ್ಕೆ 1.5 ಲಕ್ಷ ರೂಪಾಯಿ ತನಕದ ಸಂಭಾವನೆಗೆ ವಿನಾಯಿತಿಯೂ ಇದೆ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಈ ವಿನಾಯಿತಿ ಇಲ್ಲ. ಪ್ರತಿ ಕಾರ್ಯಕ್ರಮಕ್ಕೆ ತಾರೀಖು ಹಾಕಿದ ಬಿಲ್ ಕೊಟ್ಟು ಒಂದು ನಕಲು ಇಟ್ಟುಕೊಳ್ಳಿ. ಇನ್ನೂ ಮಾಡಿಸದಿದ್ದರೆ ಕಲಬುರಗಿ ಆಕಾಶವಾಣಿಯ ಆಡಿಷನ್‌ಗೆ ಅರ್ಜಿ ಹಾಕಿ. ಬಿ ಗ್ರೇಡ್ ಸಿಕ್ಕರೂ ಸಂಘಟಕರ ಮುಂದೆ ದರ ಹೇಳುವಾಗ ಹಿಡಿದು ನಿಲ್ಲಲು ಒಂದು ಆಧಾರ ಇರುತ್ತೆ.

ಪ್ರಶ್ನೆ: ನನಗೆ ಹಾಡುವುದು ಬಿಟ್ಟು ಏನೂ ಬರಲ್ಲ. ಅಕ್ಕನ ಮಗನಿಗೆ ಎಲ್ಲ ಒಪ್ಪಿಸಿದ್ದೇನೆ. ಚಾನೆಲ್, ಬುಕಿಂಗ್, ರೊಕ್ಕ ಎಲ್ಲ ಅವನೇ. ಸರಿಯಾ?
— ವಚನ ಗಾಯಕಿ, ಬಸವಕಲ್ಯಾಣ

ಉತ್ತರ: ಕೆಲಸ ಒಪ್ಪಿಸುವುದು ಸರಿ. ಯಜಮಾನಿಕೆ ಒಪ್ಪಿಸುವುದು ಸರಿಯಲ್ಲ. ಅವನ ಕಮಿಷನ್ ಇಷ್ಟು ಅಂತ ಇವತ್ತೇ ಮಾತಾಡಿಬಿಡಿ. ಈ ಕೆಲಸಕ್ಕೆ ಸಾಮಾನ್ಯವಾಗಿ ಶೇ 10ರಿಂದ 20 ತಗೊಳ್ಳುತ್ತಾರೆ. ಸಂಬಂಧಿಕರು ಅಂತ ಮಾತಾಡದೆ ಬಿಟ್ಟರೆ ಮುಂದೆ ರೊಕ್ಕದ ಜೊತೆ ಸಂಬಂಧವೂ ಹೋಗುತ್ತೆ. ಸಂಭಾವನೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ, ಅವನ ಪಾಲನ್ನು ನೀವು ಕೊಡಿ. ತಿಂಗಳಿಗೊಮ್ಮೆ ಕೂತು ಯಾವ ಕಾರ್ಯಕ್ರಮದಿಂದ ಎಷ್ಟು ಬಂತು, ಯಾರು ಬಾಕಿ ಅಂತ ಒಂದು ವಹಿಯಲ್ಲಿ ಬರೆಯಿರಿ. ಅವನು ಓದಲಿ, ನೀವು ಬರೆಯಿರಿ. ನೀವು ವಚನಕ್ಕೆ ಹೊಸ ಧಾಟಿ ಕಟ್ಟಿದ್ದರೆ ಆ ಪಟ್ಟಿಯೂ ಅದೇ ವಹಿಯಲ್ಲಿರಲಿ. ವಚನ ಎಲ್ಲರದು, ಆ ಧಾಟಿ ನಿಮ್ಮದು.

ಚಾನೆಲ್ ಯಾವ ಇಮೇಲ್‌ನಲ್ಲಿ ತೆಗೆದಿದ್ದಾನೆ ಅಂತ ಕೇಳಿ. ಅವನದಾಗಿದ್ದರೆ ನಿಮ್ಮ ಹೆಸರಲ್ಲಿ ಒಂದು ಇಮೇಲ್ ಮಾಡಿಸಿ, ಚಾನೆಲ್ ಅದಕ್ಕೆ ವರ್ಗ ಮಾಡಿಸಿ. ಪಾಸ್‌ವರ್ಡ್ ಮರೆತರೆ ಓಟಿಪಿ ನಿಮ್ಮ ಫೋನಿಗೆ ಬರುವ ಹಾಗಿರಲಿ. ಅವನಿಗೆ ಮ್ಯಾನೇಜರ್ ಅಂತ ಬೇರೆ ಪ್ರವೇಶ ಕೊಡುವ ಸೌಲಭ್ಯ ಯೂಟ್ಯೂಬ್‌ನಲ್ಲೇ ಇದೆ, ಅವನ ಕೆಲಸಕ್ಕೆ ಏನೂ ಅಡ್ಡಿ ಆಗಲ್ಲ.